ಅರ್ಧ ಮಿಲಿಮೀಟರ್ ಆಳ

"ಇನ್ನೊಂದ್ಸಲ ಮಾಡಮ್ಮ," ಎಂದಳು ನೀಲಾಂಬಿಕೆ.

ರಮ್ಯ ಕಾಲಡಿಯ ಪೆಡಲ್ ಒತ್ತಿದಳು. ಸ್ಟೀಲ್ ತಟ್ಟೆಯಲ್ಲಿದ್ದ ಕುರಿ ಮಾಂಸದ ತುಂಡಿನ ಮೇಲೆ ಕೆಂಪು ಚುಕ್ಕೆಯೊಂದು ಕೂತಿತ್ತು. ಚಿಟ್, ಚಿಟ್, ಚಿಟ್. ಒಗ್ಗರಣೆಯ ಸಾಸಿವೆ ಸಿಡಿಯುವುದಕ್ಕಿಂತಲೂ ಸಣ್ಣ ಸದ್ದು. ಒಂಬತ್ತು ಸಲ ಸಿಡಿದು ನಿಂತುಹೋಯಿತು. ರಮ್ಯಳ ಕಾಲು ಇನ್ನೂ ಪೆಡಲಿನ ಮೇಲೆಯೇ ಇತ್ತು. ಲೇಸರ್ ಮಾತ್ರ ಹೊರಡಲಿಲ್ಲ.

"ಅರ್ಧ ಮಿಲಿಮೀಟರ್ ಆಯ್ತು ಮೇಡಂ. ಇನ್ನು ನಾನು ಎಷ್ಟು ಒತ್ತಿದ್ರೂ ಇದು ಒಂದು ಕೂದಲೆಳೆಯಷ್ಟೂ ಆಳಕ್ಕೆ ಬಿಡಲ್ಲ. ಬೇಕಾದ್ರೆ ನೀವೇ ಅಳೆದು ನೋಡಿ."

ನೀಲಾಂಬಿಕೆ ತಟ್ಟೆಯ ಕಡೆ ನೋಡದೆ ಯಂತ್ರದ ಕಡೆ ನೋಡಿದಳು. ಮಾಂಸ ಮುಟ್ಟದ ಮನೆಯಲ್ಲಿ ಹುಟ್ಟಿದವಳು. ಎಚ್.ಡಿ. ಕೋಟೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿ ಮೂರು ವರ್ಷದಲ್ಲಿ ಹೆಣಗಳನ್ನು ನೋಡುವುದು ರೂಢಿಯಾಗಿತ್ತು, ತಟ್ಟೆಯಲ್ಲಿಟ್ಟ ಬಾಡು ರೂಢಿಯಾಗಿರಲಿಲ್ಲ.

ಹುಣಸೂರಿನ ಸಂಜೀವಮ್ಮ ಸ್ಮಾರಕ ಆಸ್ಪತ್ರೆಯ ಈ ಆಪರೇಷನ್ ಕೋಣೆಯಲ್ಲೇ ಕಳೆದ ಶುಕ್ರವಾರ ಕೊಲೆಯೊಂದರ ಶಂಕಿತ ಕಾಂತರಾಜುವಿನ ದನಿ ಹೋಗಿತ್ತು. ಎರಡು ತಿಂಗಳ ಹಿಂದೆ, ಗದ್ದೆಗಳಿಗೆ ನೀರು ಹಂಚುವ ಬೀಚನಹಳ್ಳಿಯ ನೀರುಗಂಟಿ ದೇವರಾಜುವನ್ನು ನಾಲೆಯ ಹತ್ತಿರ ಕರೆಸಿಕೊಂಡು ಕೊಂದವನು ಮಾಡಿದ ಕರೆ ಹೋಗಿದ್ದು ಅದೇ ಕಾಂತರಾಜುವಿನ ಫೋನಿನಿಂದ. ಆ ಕರೆ ಸತ್ತವನ ಫೋನಿನಲ್ಲಿ ರೆಕಾರ್ಡ್ ಆಗಿ ಉಳಿದಿತ್ತು. ಗಂಟಲಿನ ಗಡ್ಡೆ ತೆಗೆಸಿ, ವಾಸಿಯಾದ ಮೇಲೆ ಕಾಂತರಾಜು ದನಿಯ ಮಾದರಿ ಕೊಡಬೇಕು ಎಂದು ಕೋರ್ಟು ಹೇಳಿತ್ತು. ಈಗ ಕೊಡುವುದಕ್ಕೆ ದನಿಯೇ ಇರಲಿಲ್ಲ.

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಡಾಕ್ಟರ್ ಸೋಮಶೇಖರ್ ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಸುತ್ತಮುತ್ತಲಿನ ತಾಲೂಕುಗಳವರ ಕಿವಿ, ಮೂಗು, ಗಂಟಲು ನೋಡಿದ ಕೈ ಅದು. ಶುಕ್ರವಾರದಿಂದ ಅವರು ಯಾರನ್ನೂ ಮುಟ್ಟಿರಲಿಲ್ಲ.

"ಚಾಕು ಹಿಡಿದ್ರೆ ಎಷ್ಟು ಆಳ ಹೋಯ್ತು ಅಂತ ಬೆರಳಿಗೇ ಗೊತ್ತಾಗುತ್ತೆ ಮೇಡಂ," ಎಂದರು. "ಚರ್ಮ ಒಂಥರಾ ತಡೆಯುತ್ತೆ, ಕೊಬ್ಬು ಒಂಥರಾ, ಮಾಂಸಖಂಡ ಒಂಥರಾ. ಲೇಸರಲ್ಲಿ ಅದೇನೂ ಇಲ್ಲ. ಬೆಳಕಿಗೆ ತೂಕ ಇಲ್ಲವಲ್ಲ. ಕೊಯ್ದದ್ದು ಅರ್ಧ ಮಿಲಿಮೀಟರೋ ಒಂದೂವರೆಯೋ ಕೈಗೆ ತಿಳಿಯಲ್ಲ. ಅದಕ್ಕೇ ಈ ಹುಡುಗಿ ನಾಲ್ಕು ವರ್ಷ ಕೂತು ಇದನ್ನ ಮಾಡಿದ್ದು."

ಆಸ್ಪತ್ರೆಯವರು ಅದನ್ನು 'ಕಿವಿ' ಎಂದೇ ಕರೆಯುತ್ತಿದ್ದರು. ಲೇಸರ್ ತಾಗಿದಾಗ ಮಾಂಸ ಸಿಡಿಯುವ ಸದ್ದನ್ನು ಒಂದು ಪುಟ್ಟ ಮೈಕು ಕೇಳಿಸಿಕೊಳ್ಳುತ್ತದೆ. ಗುಳಿ ಆಳವಾದಂತೆ ಸದ್ದು ಬದಲಾಗುತ್ತದೆ. ಆ ಬದಲಾವಣೆಯಿಂದ ಆಳ ಲೆಕ್ಕ ಹಾಕಿ, ಡಾಕ್ಟರು ಹೇಳಿದ ಗಡಿ ಬಂದ ಕೂಡಲೇ ಯಂತ್ರ ಲೇಸರನ್ನು ನಿಲ್ಲಿಸುತ್ತದೆ. ಗಾವಡಗೆರೆಯ ರೈತರ ಮನೆಯ ಹುಡುಗಿ ರಮ್ಯ ಇಂಜಿನಿಯರಿಂಗ್ ಮುಗಿಸಿ ಬಂದು, ಡಾಕ್ಟರ ಪಕ್ಕ ನಿಂತು ಕಟ್ಟಿದ ಯಂತ್ರ. ಮೂವತ್ತೆಂಟು ಜನರ ಗಂಟಲಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ.

"ಮೂವತ್ತೊಂಬತ್ತನೆಯದರಲ್ಲಿ ತಪ್ತು," ಎಂದಳು ರಮ್ಯ. "ಗುರುವಾರ ಆಸ್ಪತ್ರೆ ಕಮಿಟಿಯೋರು ಸೀಲ್ ಮಾಡ್ತಾರೆ. ಮತ್ತೆ ತೆಗೆಯಲ್ಲ."

"ಗಡಿ ಎಷ್ಟು ಇಟ್ಟಿದ್ರಿ ಡಾಕ್ಟ್ರೇ?"

"ಅರ್ಧ. ಬಾಯಿಬಿಟ್ಟು ಹೇಳ್ದೆ, ಸಿಸ್ಟರ್ ಪ್ರೇಮಮ್ಮ ಬರ್ಕೊಂಡ್ರು. ಯಂತ್ರವೂ ಅರ್ಧಕ್ಕೆ ನಿಂತೆ ಅಂತಲೇ ತೋರಿಸ್ತು. ಆಮೇಲೆ ಗಂಟಲೊಳಗೆ ಎಂಡೋಸ್ಕೋಪ್ ಇಳಿಸಿ ನೋಡಿದ್ರೆ ಒಂದೂವರೆ. ದನಿಯ ತಂತಿಯ ಮೇಲ್ಪದರ ದಾಟಿ ಒಳಗಿನ ಮಾಂಸಖಂಡವೇ ಹರಿದುಹೋಗಿದೆ. ಇನ್ನು ಅವರ ಬಾಯಿಂದ ಬರೋದು ಬರೀ ಉಸಿರು."

ಅರ್ಧವಿದ್ದುದು ಒಂದೂವರೆಯಾಗಿತ್ತು. ಸರಿಯಾಗಿ ಮೂರು ಪಟ್ಟು. ಕೈ ಜಾರಿ ಆಗುವ ತಪ್ಪಿಗೆ ಇಷ್ಟು ಅಚ್ಚುಕಟ್ಟಾದ ಲೆಕ್ಕ ಇರುವುದಿಲ್ಲ ಎಂದುಕೊಂಡಳು ನೀಲಾಂಬಿಕೆ.

"ಈ ಕಿವಿಗೆ ಆಳ ತಿಳಿಯೋದು ಹೇಗಮ್ಮ? ಹುಟ್ಟಿನಿಂದ್ಲೇ ಗೊತ್ತಿರುತ್ತಾ?"

"ಇಲ್ಲ ಮೇಡಂ. ಪ್ರತಿ ಆಪರೇಷನ್ ದಿನ ಬೆಳಗ್ಗೆ ಅದಕ್ಕೆ ಪಾಠ ಹೇಳ್ಬೇಕು. ಅಂಗಡಿಯಿಂದ ಹಸಿ ಬಾಡು ತಂದು, ಹತ್ತು ಸಲ ಲೇಸರ್ ಬಿಟ್ಟು, ಆಗಿರೋ ಗುಳಿ ಅಳೆದು, ಈ ಸದ್ದಿಗೆ ಇಷ್ಟು ಆಳ ಅಂತ ತುಂಬಿಸ್ಬೇಕು."

"ಶುಕ್ರವಾರದ ಪಾಠದ ಸದ್ದು ಇದ್ಯಾ?"

ಇತ್ತು. ರಮ್ಯ ಹಾಕಿದಳು. ಚಿಟ್, ಚಿಟ್, ಚಿಟ್.

ನೀಲಾಂಬಿಕೆ ಕಣ್ಣು ಮುಚ್ಚಿದಳು. ಅವಳ ತಂದೆ ವೀರಭದ್ರಸ್ವಾಮಿ ಇದೇ ಊರಲ್ಲಿ ಮೂವತ್ತು ವರ್ಷ ಸಾಮಿಲ್ ನಡೆಸಿದವರು. ಹಿತ್ತಲಲ್ಲಿ ಕೂತು ಶಾಲೆಯ ಪಾಠ ಬರೆಯುತ್ತಿದ್ದ ಹುಡುಗಿಗೆ ಗರಗಸದ ಸದ್ದಿನಲ್ಲೇ ಒಳಗೆ ಕೊಯ್ಯುತ್ತಿರುವುದು ಹಸಿಮರವೋ ಒಣಮರವೋ ತಿಳಿಯುತ್ತಿತ್ತು. ಹಸಿಮರದ ಸದ್ದು ದಪ್ಪ. ಒಣಗಿದ್ದು ಕಿರಿಚುತ್ತದೆ.

"ಮತ್ತೆ ಹಾಕು. ಈಗ ಇವತ್ತಿನದು ಹಾಕು."

ಎರಡೂ ಕೇಳಿದ ಮೇಲೆ ಕಣ್ಣು ತೆರೆದಳು. "ಶುಕ್ರವಾರದ್ದು ಒಣಗಿದ್ದು."

ರಮ್ಯ ಅವಳನ್ನೇ ನೋಡಿದಳು. ಆಮೇಲೆ ಕಂಪ್ಯೂಟರಿನಲ್ಲಿ ಎರಡು ಸದ್ದುಗಳ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ಬಹಳ ಹೊತ್ತು ನೋಡಿದಳು. "ಹೌದು," ಎಂದಳು ಮೆಲ್ಲಗೆ. "ನಾನು ಆಪರೇಷನ್ ಸದ್ದನ್ನೇ ನೂರು ಸಲ ನೋಡ್ದೆ. ಪಾಠದ ಸದ್ದು ನೋಡ್ಲೇ ಇಲ್ಲ."

ಪ್ರತಿ ಪಾಠದ ತುಂಡನ್ನೂ ಔಷಧಿ ನೀರಿನ ಬಾಟಲಿಯಲ್ಲಿ, ತಾರೀಕಿನ ಚೀಟಿ ಅಂಟಿಸಿ ಇಡುವುದು ರಮ್ಯಳ ಪದ್ಧತಿ. ಶುಕ್ರವಾರದ ಬಾಟಲಿ ಬಂತು. ಹೊರಗೆ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ನಂಜಣ್ಣನನ್ನು ನೀಲಾಂಬಿಕೆ ಒಳಗೆ ಕರೆದಳು.

ನಂಜಣ್ಣ ಇಕ್ಕಳದಲ್ಲಿ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ತಿರುಗಿಸಿದ. ಕೈಗವಸಿನ ಬೆರಳಲ್ಲಿ ಒತ್ತಿ, ಎಳೆಯೊಂದನ್ನು ಸೀಳಿ ನೋಡಿದ.

"ಇದು ಅಂಗ್ಡಿ ಬಾಡಲ್ಲ ಕಣ್ರೀ ಮೇಡಮ್ಮಾರೆ. ಉಪ್ಪುಕಂಡ."

"ಅಂದ್ರೆ?"

"ಉಪ್ಪು ಅರಿಶ್ನ ಅಚ್ಚಿ ದಾರಕ್ಕೆ ಪೋಣ್ಸಿ ಬಿಸ್ಲಿಗೆ ಒಣಗಾಕಿರದು. ನಮ್ಮನೇಲೂ ಇರ್ತದೆ. ನೋಡಿ, ದಾರದ ತೂತು ಇಲ್ಲೇ ಅದೆ. ನೀರಲ್ಲಿ ನೆನೆಸವ್ರೆ, ಮ್ಯಾಲೆ ಮೆತ್ತಗಾಗದೆ. ಒಳಗಡೆ ಇನ್ನೂ ಕಡ್ಡಿಯಂಗದೆ."

ರಮ್ಯ ಕುರ್ಚಿಗೆ ಒರಗಿ ಕೂತಳು. ಹಸಿ ಮಾಂಸದಲ್ಲಿರುವ ನೀರೇ ಲೇಸರಿಗೆ ಸಿಡಿದು ಗುಳಿ ಮಾಡುತ್ತದೆ. ಒಣಗಿದ್ದರಲ್ಲಿ ನೀರಿಲ್ಲ, ಗುಳಿ ಚಿಕ್ಕದಾಗುತ್ತದೆ ಎಂದು ವಿವರಿಸಿದಳು. ಒಂದು ಚಿಟ್ ಎಂದರೆ ಇಷ್ಟೇ ಆಳ ಎಂದು ಕಿವಿ ಆ ಬೆಳಗ್ಗೆ ಕಲಿತಿತ್ತು. ಬದುಕಿರುವ ಮನುಷ್ಯನ ಒದ್ದೆ ಗಂಟಲಲ್ಲಿ ಒಂದೊಂದು ಚಿಟ್ ಅದರ ಮೂರರಷ್ಟು ಇಳಿದಿತ್ತು.

"ಯಂತ್ರ ತಪ್ಪಲಿಲ್ಲ ಡಾಕ್ಟ್ರೇ," ಎಂದಳು. "ನಿಮ್ಮ ಕೈಯೂ ತಪ್ಪಲಿಲ್ಲ. ಅದಕ್ಕೆ ಯಾರೋ ಸುಳ್ಳು ಪಾಠ ಹೇಳ್ಕೊಟ್ಟಿದ್ದಾರೆ."

ಸೋಮಶೇಖರ್ ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದರು, ಮತ್ತೆ ಒರೆಸಿದರು.

"ಶುಕ್ರವಾರ ಪಾಠ ಹೇಳಿದ್ದು ಯಾರು?"

"ನಾನು ಮೈಸೂರಲ್ಲಿದ್ದೆ," ಎಂದಳು ರಮ್ಯ. "ಟೆಕ್ನಿಷಿಯನ್ ವಸಂತ್."

ನೀಲಾಂಬಿಕೆ ನಂಜಣ್ಣನನ್ನು ಬೈಕಿನಲ್ಲಿ ಬಜಾರಿನ ಮಾಂಸದಂಗಡಿಗೆ ಕಳಿಸಿದಳು. ಹತ್ತು ನಿಮಿಷದಲ್ಲಿ ಫೋನ್ ಬಂತು. ಶುಕ್ರವಾರ ಆಸ್ಪತ್ರೆಯಿಂದ ಅಲ್ಲಿಗೆ ಯಾರೂ ಹೋಗಿರಲಿಲ್ಲ.

*

ವಸಂತ್ ಪಕ್ಕದ ಕೋಣೆಯಲ್ಲಿ ಆಪರೇಷನ್ ಕತ್ತರಿಗಳನ್ನು ಹಸಿರು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಇಪ್ಪತ್ತೊಂಬತ್ತು ವರ್ಷ, ಅಂತರಸಂತೆಯವನು. ನೀಲಾಂಬಿಕೆ ಒಳಗೆ ಬಂದು ಬಾಗಿಲು ಮುಂದಕ್ಕೆ ಮಾಡಿದಳು. ಬಾಟಲಿಯನ್ನು ಮೇಜಿನ ಮೇಲಿಟ್ಟಳು.

"ಕೂತ್ಕೋ ವಸಂತ್."

"ಪರವಾಗಿಲ್ಲ ಮೇಡಂ. ನಿಂತಿರ್ತೀನಿ."

"ಶುಕ್ರವಾರ ಬಾಡು ಎಲ್ಲಿಂದ ತಂದೆ?"

"ಬಜಾರ್ ಅಂಗಡಿ. ಯಾವಾಗ್ಲೂ ಅಲ್ಲಿಂದ್ಲೇ."

"ಅಂಗಡಿಯವನು ನೀನು ಬರಲೇ ಇಲ್ಲ ಅಂತಾನಲ್ಲ."

ವಸಂತ್ ಬಟ್ಟೆಯ ನಾಲ್ಕನೆಯ ಮೂಲೆಯನ್ನೂ ಮಡಚಿ, ಅಂಟುಪಟ್ಟಿ ಹಾಕಿ, ಗಂಟನ್ನು ಉಳಿದವುಗಳ ಪಕ್ಕ ಸಾಲಾಗಿ ಜೋಡಿಸಿದ. ಆಮೇಲೆ ಕೂತ.

"ನಮ್ಮನೆದು ಮೇಡಂ. ಉಪ್ಪುಕಂಡ. ಹಿಂದಿನ ದಿನವೇ ನೀರಿಗೆ ಹಾಕಿದ್ದೆ."

ಅಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ನೀಲಾಂಬಿಕೆ ಎಣಿಸಿರಲಿಲ್ಲ.

"ಒಣಗಿದ್ದು ಹಾಕಿದ್ರೆ ಕಿವಿ ಮೋಸ ಹೋಗುತ್ತೆ ಅಂತ ಯಾರು ಹೇಳಿದ್ರು?"

"ರಮ್ಯ ಮೇಡಮ್ಮೇ. ಹಸಿದೇ ತರ್ಬೇಕು, ಬಿಸಿಲಲ್ಲಿಟ್ಟು ಒಣಗಿಸ್ಬೇಡ, ಲೆಕ್ಕ ತಪ್ಪುತ್ತೆ ಅಂತ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ರು."

"ಆ ಮನುಷ್ಯನ ಜೀವ ಹೋಗಿದ್ರೆ?"

"ಹೋಗಲ್ಲ ಅಂತ ಗೊತ್ತಿತ್ತು. ಮೂರು ದಿನ ಬೇರೆ ಬೇರೆ ತುಂಡಿಟ್ಟು ನೋಡಿದ್ದೆ. ದನಿ ಹೋಗ್ಬೇಕು, ಉಸಿರು ಇರ್ಬೇಕು. ಅಷ್ಟಕ್ಕೆ ಎಷ್ಟು ಬೇಕೋ ಅಷ್ಟೇ ಮಾಡ್ದೆ." ಸ್ವಲ್ಪ ತಡೆದು ಹೇಳಿದ: "ಡಾಕ್ಟ್ರ ಬಗ್ಗೆ ಯೋಚನೆ ಮಾಡ್ಲಿಲ್ಲ. ಅದೊಂದು ನನಗೆ ಹೊಳೀಲೇ ಇಲ್ಲ. ಅವರು ತಮ್ಮ ಕೈ ನೋಡ್ಕೊಂಡು ಕೂತಿರೋದನ್ನ ಐದು ದಿನದಿಂದ ನೋಡ್ತಾ ಇದೀನಿ."

"ಯಾರು ಮಾಡಿಸಿದ್ದು?"

ಹೇಳಲ್ಲ ಎಂಬಂತೆ ವಸಂತ್ ತಲೆಯಾಡಿಸಿದ.

"ಕಾಂತರಾಜು ತಾನೆ?"

ಆಸ್ಪತ್ರೆಯಲ್ಲಿ ಕಲಿತ ನಾಜೂಕು ಮಾತು ಅವನ ನಾಲಿಗೆಯಿಂದ ಜಾರಿತು. "ನಮ್ಮಪ್ಪನ ವಯಸ್ಸಿನೋರು ಒಬ್ರು ಬಗ್ಗಿ ನನ್ ಕಾಲಿಡ್ಕಂಡ್ರು ಮೇಡಂ. ಎದ್ದೇಳಿ ಅಂದ್ರೂ ಬುಡ್ನಿಲ್ಲ. ಅಷ್ಟೇಯ ನಾನು ಏಳದು. ಎಸ್ರು ಏಳಕ್ಕಿಲ್ಲ ಅಂತ ಮಾತು ಕೊಟ್ಟಿವ್ನಿ. ಜೈಲಿಗಾಕಿ, ಏನಾರ ಮಾಡಿ, ಬತ್ತೀನಿ."

ಹೆಸರು ಹೇಳಬೇಕಾಗಿರಲಿಲ್ಲ. ಅವನ ಮುಖವೇ ಹೇಳುತ್ತಿತ್ತು. ನೀಲಾಂಬಿಕೆಯ ಮನಸ್ಸಿನಲ್ಲಿ ಎರಡು ತಿಂಗಳ ಗಂಟು ಬಿಚ್ಚಿಕೊಂಡಂತಾಯಿತು. ಕೊಂದವನು ತನ್ನ ಗುರುತು ಹೇಳುವ ಒಂದೇ ಸಾಕ್ಷಿಯನ್ನು, ತನ್ನ ದನಿಯನ್ನು, ತಾನೇ ಕೊಯ್ಯಿಸಿಕೊಂಡಿದ್ದ. ಠಾಣೆಯಲ್ಲಿ ಎಷ್ಟು ಕೇಳಿದರೂ ಕಾಂತರಾಜು ಬಾಯಿ ಬಿಟ್ಟಿರಲಿಲ್ಲ. ತಲೆಯಾಡಿಸಿದ್ದಷ್ಟೇ. ಅದಕ್ಕೂ ಈಗ ಅರ್ಥ ಸಿಕ್ಕಿತು.

ಬಾಗಿಲು ತೆರೆದು ಹೊರಗೆ ಬಂದಾಗ ರಮ್ಯ ಅಲ್ಲೇ ನಿಂತಿದ್ದಳು.

"ಮೇಡಂ, ಒಂದ್ನಿಮಿಷ. ಶುಕ್ರವಾರದ ಆಪರೇಷನ್ ರೆಕಾರ್ಡಿಂಗ್ ಮೊದಲಿಂದ ಹಾಕ್ದೆ. ರೋಗಿಗೆ ಅರಿವಳಿಕೆ ಕೊಡೋಕೆ ಮುಂಚೆ ಎರಡು ನಿಮಿಷ ಕಿವಿ ಸುಮ್ನೆ ಕೇಳಿಸ್ಕೊಳ್ತಾ ಇರುತ್ತೆ. ಕೋಣೆ ಸದ್ದು ಯಾವುದು, ಲೇಸರ್ ಸದ್ದು ಯಾವುದು ಅಂತ ಬೇರೆ ಮಾಡ್ಬೇಕಲ್ಲ. ಆ ಎರಡು ನಿಮಿಷದಲ್ಲಿ…" ಅವಳು ನಿಲ್ಲಿಸಿದಳು. "ಕಾಂತರಾಜು ಅವರು ಮಾತಾಡಿದ್ದಾರೆ."

*

ಮೊದಲು ಎಸಿಯ ಗುಂಯ್ ಸದ್ದು. ಯಾವುದೋ ಟ್ರೇ ಸರಿಸಿದ್ದು. ಆಮೇಲೆ ನರ್ಸ್ ಪ್ರೇಮಮ್ಮನ ದನಿ: "ಚಳಿ ಆಗ್ತಿದ್ಯಾ ಯಜಮಾನ್ರೇ?"

"ಆಯ್ತದೆ… ವಸಿ," ಎಂದಿತು ಗಂಡಸಿನ ದನಿ. ದಪ್ಪಗೆ, ಸಾಣೆ ಕಾಗದ ಉಜ್ಜಿದಂತಿತ್ತು. "ಅವ್ವಾ… ನನ್ ಮಗ್ಳು… ಆಚೆ ಕುಂತವ್ಳೆ. ಬೆಳಗ್ಗಿಂದ… ಏನೂ… ತಿಂದಿಲ್ಲ. ಒಂದೀಟು… ಕಾಪಿ… ಕುಡಿ ಅನ್ನು."

"ಹೇಳ್ತೀನಿ. ಹದಿನೈದು ದಿನ ಸುಮ್ನಿದ್ರೆ, ಆಮೇಲೆ ನೀವೇ ಬಾಯ್ತುಂಬ ಹೇಳೀರಂತೆ."

ಅದಕ್ಕೆ ಕಾಂತರಾಜುವಿನ ಒಂದು ನಗೆಯಂಥದ್ದು ಕೇಳಿಸಿತು. ಅದೂ ಅರ್ಧಕ್ಕೇ ಉಸಿರಾಯಿತು.

ನೀಲಾಂಬಿಕೆ ಮೂರು ಸಲ ಹಾಕಿಸಿ ಕೇಳಿದಳು. ಆಮೇಲೆ ತನ್ನ ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಎರಡು ತಿಂಗಳಲ್ಲಿ ನೂರಾರು ಸಲ ಕೇಳಿದ್ದ ಕರೆ ಅದರಲ್ಲಿತ್ತು.

"ದೇವಣ್ಣ, ಹಳೇ ತೂಬಿನ ಹತ್ರ ಸಂಜೆ ಐದು ಗಂಟೆಗೆ ಒಬ್ನೇ ಬಂದ್ಬಿಡು, ನೀನು ಕೇಳ್ತಿದ್ದಿದ್ದನ್ನ ಅಲ್ಲೇ ತೋರಿಸ್ತೀನಿ."

ಇದೂ ದಪ್ಪ ದನಿಯೇ, ಕಂಚಿನ ಅಂಚಿನದು. ಊರಲ್ಲಿ ಕೇಳಿಸಿಕೊಂಡವರೆಲ್ಲ 'ಕಾಂತರಾಜಣ್ಣನ ಮನೆ ದನಿ' ಎಂದಿದ್ದರು; ಗಡ್ಡೆಯಾದ ಮೇಲೆ ಅವನು ಮನೆಯಾಚೆ ಮಾತಾಡುವುದನ್ನೇ ಬಿಟ್ಟಿದ್ದ. ಆದರೆ ಮಾತು ಒಂದೇ ಉಸಿರಿನಲ್ಲಿ, ಎಲ್ಲೂ ಕಡಿಯದೆ ಹರಿದುಹೋಗಿತ್ತು.

"ಡಾಕ್ಟ್ರೇ, ಕಾಂತರಾಜುಗೆ ಎರಡು ತಿಂಗಳ ಹಿಂದೆ ಇಷ್ಟುದ್ದ ಮಾತಾಡೋಕೆ ಆಗ್ತಿತ್ತಾ?"

ಸೋಮಶೇಖರ್ ಆ ಕರೆಯನ್ನು ಕೇಳುತ್ತಿದ್ದುದು ಅದೇ ಮೊದಲು. ಎರಡನೇ ಸಲ ಕೇಳಿ ಇಲ್ಲವೆಂದು ಖಚಿತವಾಗಿ ತಲೆಯಾಡಿಸಿದರು. "ಅವರು ನನ್ನ ಹತ್ರ ಬಂದದ್ದು ಮೂರು ತಿಂಗಳ ಹಿಂದೆ. ಆಗ್ಲೇ ಎರಡು ಪದಕ್ಕೆ ಒಂದು ಉಸಿರು ಬೇಕಾಗಿತ್ತು. ಗಡ್ಡೆ ಇದ್ರೆ ತಂತಿಗಳು ಸೇರಲ್ಲ, ಗಾಳಿ ಸೋರಿಹೋಗುತ್ತೆ. ಈ ಮಾತು ಅವರದ್ದಲ್ಲ. ಆಗೋದಕ್ಕೆ ಸಾಧ್ಯವೇ ಇಲ್ಲ."

ನೀಲಾಂಬಿಕೆ ಫೋನನ್ನು ಮೇಜಿನಿಂದ ಎತ್ತಿಕೊಂಡಳು.

ದನಿಯ ಮಾದರಿ ಕೊಟ್ಟಿದ್ದರೆ ಕಾಂತರಾಜು ಕಳಂಕವಿಲ್ಲದೆ ಮನೆಗೆ ಹೋಗುತ್ತಿದ್ದ. ಠಾಣೆಯಲ್ಲಿ ಬಾಯಿ ಬಿಟ್ಟು ನಾಲ್ಕು ಮಾತಾಡಿದ್ದರೂ ಸಾಕಿತ್ತು. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ನಿರಪರಾಧಿ ಎಂದು ಯಾರಿಗೂ ಗೊತ್ತಾಗಬಾರದು ಎಂದೇ ದನಿ ಕೊಯ್ಯಿಸಿಕೊಂಡ ಮನುಷ್ಯ ಅವನು.

ಅವನಲ್ಲ ಎಂದಾದರೆ ಪೊಲೀಸರು ಮುಂದೆ ಯಾರನ್ನು ಹುಡುಕುತ್ತಾರೆ? ಅದೇ ಮನೆಯ ಫೋನು, ಅದೇ ಮನೆಯ ದನಿ. ಕಾಂತರಾಜುವಿಗೆ ಒಬ್ಬ ಮಗನಿದ್ದ, ಕಿರಣ್‌ಕುಮಾರ್. ಕಬಿನಿ ಹಿನ್ನೀರಿನ ರೆಸಾರ್ಟೊಂದರಲ್ಲಿ ಜೀಪ್ ಓಡಿಸುವವನು. ಕೊಲೆಯ ಹಿಂದಿನ ದಿನ ನಾಲೆಯ ನೀರಿನ ವಿಷಯಕ್ಕೆ ಟೀ ಅಂಗಡಿಯ ಮುಂದೆ ದೇವರಾಜುವಿನ ಕೊರಳಪಟ್ಟಿ ಹಿಡಿದಿದ್ದವನು.

ನೀಲಾಂಬಿಕೆ ಟೋಪಿ ಎತ್ತಿಕೊಂಡಳು. "ಈ ರೆಕಾರ್ಡಿಂಗ್ ಇನ್ನೊಂದು ಕಡೆ ತೆಗೆದಿಡಮ್ಮ. ನಾನು ವಾರ್ಡಿಗೆ ಹೋಗಿ ಬರ್ತೀನಿ."

*

ಗಂಡಸರ ವಾರ್ಡಿನ ಕೊನೆಯ ಮಂಚದಲ್ಲಿ ಕಾಂತರಾಜು ದಿಂಬಿಗೆ ಒರಗಿ ಕೂತಿದ್ದ. ಐವತ್ತೆಂಟು ವರ್ಷದ ಗಟ್ಟಿ ಆಳು. ಐದು ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು. ಮಡಿಲಲ್ಲಿ ಮಕ್ಕಳ ಸ್ಲೇಟೊಂದು, ಬಳಪ. ಪಕ್ಕದ ಕಿಟಕಿಯಿಂದ ಹನ್ನೊಂದು ಗಂಟೆಯ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು.

ನೀಲಾಂಬಿಕೆ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. ಪೊಲೀಸ್ ದನಿಯಲ್ಲಿ ಮಾತಾಡಲು ಮನಸ್ಸಾಗಲಿಲ್ಲ.

"ಕಾಂತರಾಜು ಅವ್ರೇ, ವಸಂತ್ ಸಿಕ್ಕಿಬಿದ್ದಿದ್ದಾನೆ."

ಅವನ ಕಣ್ಣು ಚುರುಕಾಯಿತು. ಬಳಪ ಎತ್ತಿಕೊಂಡ. ಅಕ್ಷರ ದೊಡ್ಡವು, ಸೊಟ್ಟ ಸೊಟ್ಟ. *ಅವನ ತಪ್ಪಿಲ್ಲ. ನಾನೇ ಕೇಳ್ಕಂಡೆ.*

"ಗೊತ್ತು. ಇನ್ನೊಂದು ಗೊತ್ತಾ? ಆಪರೇಷನ್ನಿಗೆ ಮುಂಚೆ ನೀವು ಮಗಳಿಗೆ ಕಾಫಿ ಕುಡಿ ಅನ್ನಿ ಅಂತ ಸಿಸ್ಟರಿಗೆ ಹೇಳಿದ್ರಲ್ಲ, ಅದನ್ನ ಆ ಯಂತ್ರ ಹಿಡಿದಿಟ್ಟಿದೆ. ನಿಮ್ಮ ದನಿ ನನ್ನ ಹತ್ರ ಇದೆ. ದೇವರಾಜುಗೆ ಫೋನ್ ಮಾಡಿದ್ದು ನೀವಲ್ಲ."

ಬಳಪ ಹಿಡಿದ ಕೈ ಸ್ಲೇಟಿನ ಮೇಲೆಯೇ ನಿಂತಿತು. ಇಷ್ಟು ದಿನ ಗಟ್ಟಿಯಾಗಿ ಹಿಡಿದುಕೊಂಡಿದ್ದ ಏನೋ ಅವನ ಮುಖದಿಂದ ಇಳಿದುಹೋಯಿತು. ಸಮಾಧಾನವಾದಂತೆ ಮಾತ್ರ ಕಾಣಲಿಲ್ಲ; ಕಳ್ಳನಿಗೆ ಬೀಗದ ಕೈ ಸಿಕ್ಕಿತೆಂದು ತಿಳಿದ ಮನೆಯೊಡೆಯನ ಹಾಗೆ ಕಂಡ.

"ಕಿರಣನ್ನ ಉಳಿಸಕ್ಕೆ ಮಾಡಿದ್ರಾ?"

ಕಾಂತರಾಜು ಅಂಗೈಯಿಂದ ಸ್ಲೇಟನ್ನು ನಿಧಾನವಾಗಿ, ಮೂಲೆ ಮೂಲೆಯೂ ಬಿಡದೆ ಒರೆಸಿದ. ಆಮೇಲೆ ಎರಡೂ ಕೈ ಜೋಡಿಸಿ ಅವಳ ಮುಂದೆ ಹಿಡಿದ.

"ನಿಮ್ಮ ಮಗ ತಾನೇ ಮಾಡಿದೆ ಅಂತ ನಿಮಗೆ ಹೇಳಿದ್ನಾ?"

ಇಲ್ಲ ಎಂದು ತಲೆಯಾಡಿಸಿದ. ಸ್ಲೇಟಿನ ಮೇಲೆ ಬರೆದ: *ಕೇಳಕ್ಕೆ ಧೈರ್ಯ ಬರ್ನಿಲ್ಲ.*

"ಅಪ್ಪಾ."

ಬಿಸಿನೀರಿನ ಫ್ಲಾಸ್ಕ್ ಹಿಡಿದು ಮಗಳು ಅನುಶ್ರೀ ಮಂಚದ ಕಾಲ ಬಳಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಇಬ್ಬರೂ ನೋಡಿರಲಿಲ್ಲ. ಬಿ.ಎ. ಓದುವ ಹುಡುಗಿ, ತೆಳ್ಳಗೆ, ಅಪ್ಪನ ಕಣ್ಣು. ಅವಳು ಸ್ಲೇಟಿನ ಮೇಲಿದ್ದುದನ್ನು ಓದಿದಳು. ಫ್ಲಾಸ್ಕನ್ನು ಜೋಪಾನವಾಗಿ ಸ್ಟೂಲಿನ ಮೇಲಿಟ್ಟಳು.

"ಅಣ್ಣಂಗೋಸ್ಕರ ಹಿಂಗ್ ಮಾಡ್ಕಂಡ್ಯಾ ಅಪ್ಪ?"

ಕಾಂತರಾಜು ಅವಳ ಕಡೆ ನೋಡಲಿಲ್ಲ.

"ಅಣ್ಣ ಅಲ್ಲ ಕಣಪ್ಪ," ಎಂದಳು ಅನುಶ್ರೀ. "ಅವತ್ತು ನಿನ್ ಫೋನು ಅಣ್ಣನ ಕೈಗೆ ಹೋಗ್ಲೇ ಇಲ್ಲ. ನನ್ ಹತ್ರ ಇತ್ತು. ಒಬ್ರು ಬಂದು, ನನ್ ಫೋನಲ್ಲಿ ಚಾರ್ಜಿಲ್ಲ, ಒಂದು ಕಾಲ್ ಮಾಡಿ ಕೊಡ್ತೀನಿ ಅಂತ ಕೇಳಿದ್ರು. ನಮ್ ದಾಯಾದಿ, ಮನೆಯೋರ ಥರಾನೇ ಅಲ್ವಾ ಅಂತ ಕೊಟ್ಟೆ. ಮೇಡಂ, ಆಮೇಲೆ ಭಯ ಆಯ್ತು. ನೀನು ಬಾಯಿ ಬಿಟ್ರೆ ನಿಮ್ಮಪ್ಪಂಗೇ ತೊಂದ್ರೆ ಅಂತ ಅವ್ರೇ ಹೇಳಿದ್ರು."

"ಯಾರಮ್ಮ?" ಎಂದಳು ನೀಲಾಂಬಿಕೆ.

ಅನುಶ್ರೀ ಕಿಟಕಿಯ ಕಟ್ಟೆಯ ಮೇಲಿದ್ದ ಮೋಸಂಬಿಯ ಚೀಲದ ಕಡೆ ನೋಡಿದಳು.

"ಬೆಳಗ್ಗೆ ಆ ಹಣ್ಣು ತಂದ್ಕೊಟ್ರಲ್ಲ ಅಪ್ಪ. ನಿನ್ ಪಕ್ಕ ಕೂತು, ಕೈ ಹಿಡ್ಕಂಡು ಅತ್ರಲ್ಲ. ಅವ್ರೇಯ."

ಕಾಂತರಾಜು ಚೀಲವನ್ನು ನೋಡಿದ. ಮಗಳನ್ನು ನೋಡಿದ. ಮಡಿಲಲ್ಲಿದ್ದ ಸ್ಲೇಟು ಅವನಿಗೆ ನೆನಪಾಗಲಿಲ್ಲ. ದಿಂಬಿನಿಂದ ಮುಂದಕ್ಕೆ ಬಗ್ಗಿ, ನೀಲಾಂಬಿಕೆಯ ಮಣಿಕಟ್ಟು ಹಿಡಿದು, ಬಾಯಿ ತೆರೆದು ಒಂದು ಹೆಸರು ಹೇಳಿದ. ಕೊರಳ ನರ ಉಬ್ಬುವಂತೆ ಇನ್ನೊಮ್ಮೆ ಹೇಳಿದ.

ಬಂದದ್ದು ಉಸಿರು ಮಾತ್ರ.